ಗಾಡಿ ಬದಿಯ ಒಲೆ: ದೆಹಲಿ ಸೀಮೆಯ ಸಂಚಾರಿ ಅಡುಗೆ ಮತ್ತು ಜಿಡ್ಡಿನ ಕಾಟ

ಗಾಡಿಯನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರು ಅದರ ಪಕ್ಕದ ಬಯಲಿನಲ್ಲಿ ಒಲೆ ಹೂಡಿ ಬೇಯಿಸಿಕೊಳ್ಳುವುದು ಸಂಚಾರಿ ಅಡುಗೆ. ಎತ್ತಿನ ಗಾಡಿ, ಲಾರಿ, ಯಾತ್ರೆಯ ಬಸ್ಸು, ಟ್ರ್ಯಾಕ್ಟರ್ ಟ್ರಾಲಿ, ಈಚಿನ ಕ್ಯಾರವಾನ್ ಎಲ್ಲಕ್ಕೂ ಈ ಅಡುಗೆ ಅಂಟಿಕೊಂಡೇ ಬಂದಿದೆ. ದೆಹಲಿಯ ಜೊತೆಗೆ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಹಲವು ಜಿಲ್ಲೆಗಳನ್ನು ಒಳಗೊಂಡ ಸುಮಾರು 55,000 ಚದರ ಕಿ.ಮೀ. ವಿಸ್ತಾರದ ರಾಷ್ಟ್ರ ರಾಜಧಾನಿ ವಲಯದಲ್ಲಿ ಈ ಎಲ್ಲ ಬಗೆಗಳೂ ಕಾಣಸಿಗುತ್ತವೆ. ಬೆಂಕಿ, ನೀರು, ದಿನಸಿ ಹೊಂದಿಸುವುದು ಇದರ ಎದ್ದು ಕಾಣುವ ಕಷ್ಟ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಕಷ್ಟ ಜಿಡ್ಡಿನದು. ಮನೆಯಲ್ಲಾದರೆ ಸಿಂಕಿನಿಂದ ಚರಂಡಿಗಿಳಿದು ಕಣ್ಮರೆಯಾಗುವ ಎಣ್ಣೆಪಸೆ, ಗಾಡಿಯವರನ್ನು ಬಿಟ್ಟು ಹೋಗುವುದಿಲ್ಲ. ಬಾಣಲೆಯ ತಳದಲ್ಲಿ, ಮಸಿಬಟ್ಟೆಯಲ್ಲಿ, ಹೊದಿಕೆಯ ವಾಸನೆಯಲ್ಲಿ, ಮುಸುರೆ ನೀರಿನ ಟ್ಯಾಂಕಿನಲ್ಲಿ ಅದು ಮುಂದಿನ ಊರಿನವರೆಗೂ ಬರುತ್ತದೆ.

ದೆಹಲಿಯಿಂದ ಹೊರಟ ಸಂಚಾರಿ ಅಡುಗೆಗಳಲ್ಲಿ ತೀರ ದೊಡ್ಡದೊಂದರ ವಿವರವನ್ನು ಬರೆದಿಟ್ಟವನು ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯೇ. 1664ರ ಡಿಸೆಂಬರಿನಲ್ಲಿ ಔರಂಗಜೇಬ ಲಾಹೋರಿನ ಮಾರ್ಗವಾಗಿ ಕಾಶ್ಮೀರಕ್ಕೆ ಹೊರಟಾಗ ಬರ್ನಿಯೇ ಆ ಪಾಳೆಯದ ಜೊತೆಗಿದ್ದ. ಚಕ್ರವರ್ತಿಗೆ ಎರಡು ಜೊತೆ ಡೇರೆಗಳಿದ್ದವು. ಒಂದರಲ್ಲಿ ಅವನು ತಂಗಿದ್ದಾಗ ಇನ್ನೊಂದು ಒಂದು ದಿನದ ದಾರಿಯಷ್ಟು ಮುಂದೆ ಹೋಗಿ ಸಜ್ಜಾಗುತ್ತಿತ್ತು. ಸಾಮಾನ್ಯರ ಪಾಡು ಬೇರೆ. ಸಂಜೆಯಾದೊಡನೆ ಹಸಿ ಸೌದೆ, ಸಗಣಿಯ ಲೆಕ್ಕವಿಲ್ಲದಷ್ಟು ಒಲೆಗಳು ಹೊತ್ತಿಕೊಂಡು, ಗಾಳಿ ಆಡದ ದಿನ ಹೊಗೆ ನೆಲಕ್ಕೇ ಕವುಚಿಕೊಳ್ಳುತ್ತಿತ್ತು. ತನ್ನ ಡೇರೆ ಎಲ್ಲಿದೆಯೆಂದು ತಿಳಿಯದೆ ಬರ್ನಿಯೇ ತಡಕಾಡಿದ್ದುಂಟು. ಎತ್ತರದ ಕಂಬದ ಮೇಲೆ ಉರಿಯುತ್ತಿದ್ದ ಆಕಾಶದೀಪವೇ ಅಂಥವರಿಗೆ ದಿಕ್ಕು. ಡಿಸೆಂಬರಿನ ಸಂಜೆಗಳಲ್ಲಿ ಈ ಸೀಮೆಯ ಜನ ಹೊಗೆಯಲ್ಲಿ ದಾರಿ ಹುಡುಕುವುದು ಇಂದು ನಿನ್ನೆಯ ಮಾತಲ್ಲ.

ಅರಮನೆಯ ವೈಭವದ ಇನ್ನೊಂದು ತುದಿಯಲ್ಲಿರುವವರು ಗಾಡಿಯಾ ಲೋಹಾರರು. 1568ರಲ್ಲಿ ಚಿತ್ತೋಡದ ಕೋಟೆ ಅಕ್ಬರನ ವಶವಾದ ಮೇಲೆ, ಅದು ಮತ್ತೆ ಕೈಸೇರುವ ತನಕ ಸೂರಿನಡಿ ಬಾಳುವುದಿಲ್ಲವೆಂದು ಶಪಥ ಮಾಡಿ ಹೊರಬಿದ್ದೆವೆಂಬುದು ಈ ಕಮ್ಮಾರ ಸಮುದಾಯದ ನಂಬಿಕೆ. 1955ರ ಏಪ್ರಿಲ್‌ನಲ್ಲಿ ಜವಾಹರಲಾಲ್ ನೆಹರು ಅವರೇ ಮುಂದೆ ನಿಂತು ಚಿತ್ತೋಡದೊಳಕ್ಕೆ ಇವರನ್ನು ಕರೆದೊಯ್ದರು. ಆದರೂ ದೆಹಲಿಯ ರಸ್ತೆ ಬದಿಗಳಲ್ಲಿ ಇವರ ಗಾಡಿ, ತಿದಿ, ಒಲೆಗಳು ಇಂದಿಗೂ ಉಳಿದಿವೆ. ಇವರು ಬಡಿದು ಮಾರುವ ಸಾಮಾನುಗಳಲ್ಲಿ ಚಿಮಟ, ಕಾವಲಿ, ಬಾಣಲೆ ಮುಖ್ಯ. ಜಿಡ್ಡಿನ ಕಥೆಗೆ ಇವರು ಸಲ್ಲುವುದು ಇಲ್ಲಿಯೇ. ಕಬ್ಬಿಣದ ಕಾವಲಿಗೆ ತೆಳುವಾಗಿ ಎಣ್ಣೆ ಸವರಿ ಮತ್ತೆ ಮತ್ತೆ ಕಾಯಿಸಿದರೆ ಆ ಎಣ್ಣೆ ಗಟ್ಟಿ ಕಪ್ಪು ಪದರವಾಗಿ ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಹಾಗೆ ಪಳಗಿದ ಕಾವಲಿಗೆ ಅಡುಗೆಯಾದ ಮೇಲೆ ಸೋಪು ಬೇಡ, ನೀರೂ ಅಷ್ಟಾಗಿ ಬೇಡ. ಬಿಸಿಯಿರುವಾಗಲೇ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು. ದೋಸೆ ಹಂಚನ್ನು ಪಳಗಿಸಿ ಅಭ್ಯಾಸವಿರುವ ಕನ್ನಡದ ಅಡುಗೆಮನೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಬಾರಿ ನಾನ್‌ಸ್ಟಿಕ್ ತವಾ ಹೊತ್ತು ಕ್ಯಾರವಾನ್ ಏರುವವರಿಗೆ ಮಾತ್ರ ಹೇಳಬೇಕಾಗುತ್ತದೆ.

ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಯಾತ್ರೆಯ ಬಸ್ಸು. ಕರ್ನಾಟಕದಿಂದ ಕಾಶಿ, ಪ್ರಯಾಗ, ಗಯಾ, ಮಥುರಾ, ದೆಹಲಿ, ಹರಿದ್ವಾರವೆಂದು ವಾರಗಟ್ಟಲೆ ಸುತ್ತುವ ಬಸ್ಸುಗಳಲ್ಲಿ ಅಡುಗೆಯವರೂ ಜೊತೆಗೇ ಬರುತ್ತಾರೆ. ಡಿಕ್ಕಿಯಲ್ಲಿ ಅಕ್ಕಿ, ಬೇಳೆ, ಕಡಲೆಕಾಯಿ ಎಣ್ಣೆಯ ಡಬ್ಬ, ಹುಣಿಸೆಹಣ್ಣು, ದೊಡ್ಡ ಬಾಣಲೆ, ಕೊಳಗ, ಸೌಟು. ಧರ್ಮಶಾಲೆಯ ಅಂಗಳದಲ್ಲೋ ಬಸ್ಸು ನಿಲ್ಲಿಸುವ ಮೈದಾನದ ಮೂಲೆಯಲ್ಲೋ ಬೆಳಗಿನ ಜಾವ ಒಲೆ ಹತ್ತುತ್ತದೆ. ಸಾಸಿವೆ ಎಣ್ಣೆಯ ಘಾಟಿಗೆ ಒಗ್ಗದ ಹಿರಿಯರಿಗೆ ದೆಹಲಿಯ ಚಳಿಯಲ್ಲಿ ಬಿಸಿ ಉಪ್ಪಿಟ್ಟು, ತಿಳಿಸಾರು ಸಿಕ್ಕಿದರೆ ಅರ್ಧ ಯಾತ್ರೆ ಸಫಲವಾದಂತೆ.

ಈ ಬಸ್ಸಿನ ಅಡುಗೆಯವರ ಕೈಚಳಕ ನೋಡುವಂಥದ್ದು. ಅವರು ದಾರಿಯಲ್ಲಿ ಆರಿಸುವ ತಿಂಡಿಗಳೇ ಜಿಡ್ಡಿನ ಲೆಕ್ಕ ಹಾಕಿ ಆರಿಸಿದಂತಿರುತ್ತವೆ. ಪುಳಿಯೋಗರೆ ಗೊಜ್ಜಿನಲ್ಲಿ ಎಣ್ಣೆ ಊರಿನಲ್ಲೇ ಬೆಂದು ಸೇರಿರುತ್ತದೆ, ದಾರಿಯಲ್ಲಿ ಅನ್ನಕ್ಕೆ ಕಲಸುವುದಷ್ಟೇ ಕೆಲಸ. ಚಟ್ನಿಪುಡಿಗೆ ಒಲೆಯೇ ಬೇಡ. ಸಾರಿನ ಒಗ್ಗರಣೆ ಒಂದು ಪುಟ್ಟ ಸೌಟಿನಲ್ಲಿ ಮುಗಿಯುತ್ತದೆ, ಕೊಳಗಕ್ಕೆ ಜಿಡ್ಡು ಹಿಡಿಯುವುದಿಲ್ಲ. ಚಿತ್ರಾನ್ನ ಕಲಸಿ ಬಡಿಸಿದ ಮೇಲೆ ಬಾಣಲೆಯ ಅಂಚಿನಲ್ಲಿ ಅರಿಸಿನ, ಸಾಸಿವೆ, ಎಣ್ಣೆ ಅಂಟಿಕೊಂಡಿರುತ್ತವೆ. ಅದಕ್ಕೊಂದು ಹಿಡಿ ಬಿಸಿ ಅನ್ನ ಸುರಿದು, ಬಾಣಲೆಯ ಮೈಯನ್ನೆಲ್ಲ ಸುತ್ತಿಸಿ ಉಜ್ಜಿ, ಕಡೆಯ ತುತ್ತನ್ನು ಅಡುಗೆಯವರೇ ಉಣ್ಣುತ್ತಾರೆ. ಅದರ ರುಚಿಗೆ ಪಾಲು ಕೇಳುವವರೂ ಇರುತ್ತಾರೆನ್ನಿ. ಬಾಣಲೆಯಂತೂ ಅಲ್ಲಿಗೇ ಮುಕ್ಕಾಲು ಪಾಲು ಶುಚಿ. ಆಮೇಲೆ ಅದಕ್ಕೆ ಬೇಕಾಗುವುದು ಅರ್ಧ ಚೊಂಬು ನೀರು.

ಹೀಗೆ ಉಜ್ಜಿ ಒರೆಸುವುದರ ಬೆಲೆ ತಿಳಿಯಲು ಒಂದು ಲೆಕ್ಕ ನೋಡಬಹುದು. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ನದಿ, ಕೆರೆಯಂಥ ಒಳನಾಡಿನ ಜಲಮೂಲಕ್ಕೆ ಬಿಡುವ ಕೊಳೆನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಒಳಚರಂಡಿಗೆ ಬಿಡುವುದಾದರೆ 20 ಮಿಲಿಗ್ರಾಂ. ನಿಯಮ ಬರೆದದ್ದು ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಒಂದು ಚಮಚದಷ್ಟು, ಅಂದರೆ 5 ಗ್ರಾಂ ಎಣ್ಣೆಯನ್ನು ಮೊದಲ ಮಿತಿಗೆ ಇಳಿಸಬೇಕಾದರೆ 500 ಲೀಟರ್ ನೀರು ಬೇಕು. ಪುಟ್ಟ ಕ್ಯಾರವಾನ್ ಒಂದರ ನೀರಿನ ಟ್ಯಾಂಕು ಹಿಡಿಯುವುದು ನೂರು ಲೀಟರಿನ ಆಸುಪಾಸು. ಬಾಣಲೆಯಲ್ಲಿ ಉಳಿದ ಒಂದು ಚಮಚ ಪಸೆಯನ್ನು ನೀರಿನಿಂದ ಗೆಲ್ಲುತ್ತೇನೆಂದು ಹೊರಡುವುದು ಗಾಡಿಯವರಿಗೆ ಎಟುಕದ ಮಾತು. ಜಿಡ್ಡನ್ನು ನೀರು ಸೋಕುವ ಮುಂಚೆಯೇ ಹಿಡಿದುಹಾಕಬೇಕು. ಉಳಿದ ಉಪಾಯಗಳೆಲ್ಲ ಇದರ ಮುಂದೆ ಸಣ್ಣವು.

ಲಾರಿಗಳ ಅಡುಗೆಯನ್ನು ಇಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಸರದಿ ಕಾಯುವ ದಕ್ಷಿಣದ ಲಾರಿಗಳ ನೆರಳಿನಲ್ಲಿ ಸ್ಟೋವ್ ಹೊತ್ತಿಸುವುದು ಹಳೆಯ ರೂಢಿ. ಹಿಂದೆ ಅದು ಸೀಮೆಎಣ್ಣೆಯ ಪಂಪ್ ಸ್ಟೋವ್. 2014ರಲ್ಲಿ ದೆಹಲಿಯನ್ನು ಸೀಮೆಎಣ್ಣೆಮುಕ್ತ ನಗರವೆಂದು ಸಾರಿದ ಮೇಲೆ ಅದರ ಜಾಗಕ್ಕೆ ಗ್ಯಾಸು ಬಂತು.

2020ರ ನವೆಂಬರ್ 26ರಿಂದ ಮುಂದಿನ ವರ್ಷದ ಡಿಸೆಂಬರ್ 11ರವರೆಗೆ ದೆಹಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ಪ್ರತಿಭಟನೆಗೆಂದು ಬೀಡುಬಿಟ್ಟ ರೈತರ ಶಿಬಿರ, ಬರ್ನಿಯೇ ಕಂಡ ಪಾಳೆಯದ ನಂತರ ಈ ಸೀಮೆಯ ದೊಡ್ಡ ಬಯಲು ಅಡುಗೆಗಳಲ್ಲೊಂದು. ಟ್ರಾಲಿಗಳಿಗೆ ತಾಡಪಾಲು ಹೊದಿಸಿ, ಒಳಗೆ ಹುಲ್ಲು, ಹಾಸಿಗೆ ಹಾಸಿ, ಪಂಜಾಬ್ ಮತ್ತು ಹರಿಯಾಣದ ರೈತರು ಒಂದು ಪೂರ್ತಿ ಚಳಿಗಾಲವನ್ನೂ ಬೇಸಿಗೆಯನ್ನೂ ಹೆದ್ದಾರಿಯಲ್ಲೇ ಕಳೆದರು. ಎಲ್ಲರಿಗೂ ಉಚಿತವಾಗಿ ಉಣಬಡಿಸುವ ಲಂಗರುಗಳಲ್ಲಿ ರೊಟ್ಟಿ ಯಂತ್ರಗಳು ಓಡಿದವು. ಒಂದು ಕಡೆ ಜಿಲೇಬಿ, ಪಕೋಡ, ಇನ್ನೊಂದು ಕಡೆ ಪಿಜ್ಜಾ ಲಂಗರು. ರಾಜಕೀಯದ ಮಾತು ಹಾಗಿರಲಿ, ಅಡುಗೆಯ ದೃಷ್ಟಿಯಿಂದ ಗಮನಿಸಬೇಕಾದ್ದು ಬೇರೆ. ಮಲಗುವ ಟ್ರಾಲಿ ಒಂದು ಕಡೆ, ಬೇಯಿಸುವ ಚಪ್ಪರ ಇನ್ನೊಂದು ಕಡೆ. ದೊಡ್ಡ ಪ್ರಮಾಣದ ಅಡುಗೆಗೆ ಈ ವಿಂಗಡಣೆ ತಾನಾಗಿಯೇ ಒದಗುತ್ತದೆ. ಒಂದೇ ಗಾಡಿಯ ಸಂಸಾರಕ್ಕೆ ಅದನ್ನು ಬೇಕೆಂದೇ ಮಾಡಿಕೊಳ್ಳಬೇಕಾಗುತ್ತದೆ.

ಶ್ರಾವಣದ ಕಾವಡ್ ಯಾತ್ರೆಯ ಶಿಬಿರಗಳೂ ಇದೇ ಸಾಲಿಗೆ ಸೇರುತ್ತವೆ. ಹರಿದ್ವಾರದಿಂದ ಗಂಗಾಜಲ ಹೊತ್ತು ಮುಜಫ್ಫರ್‌ನಗರ, ಮೀರಠ್ ದಾರಿಯಾಗಿ ನಡೆದು ಬರುವವರಿಗಾಗಿ ರಸ್ತೆಯುದ್ದಕ್ಕೂ ಬಾಣಲೆಗಳಲ್ಲಿ ಪೂರಿ ಕರಿಯುತ್ತಾರೆ. ಮಳೆಗಾಲದ ನೆಲದ ಮೇಲೆ ಚೆಲ್ಲಿದ ಕರಿದೆಣ್ಣೆ ಇಂಗುವುದೂ ಇಲ್ಲ, ಸುಲಭಕ್ಕೆ ತೊಳೆದುಹೋಗುವುದೂ ಇಲ್ಲ.

ಶೋಕಿಯ ಕ್ಯಾರವಾನ್ ಇವೆಲ್ಲಕ್ಕಿಂತ ತಡವಾಗಿ ಬಂದದ್ದು. ಬ್ರಿಟನ್ನಿನಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯ 1885ರಲ್ಲಿ ‘ದಿ ವಾಂಡರರ್’ ಎಂಬ ಕುದುರೆ ಗಾಡಿ ಕಟ್ಟಿಸಿಕೊಂಡು ತಿರುಗಿದ್ದು ಈ ಹವ್ಯಾಸದ ಮೊದಲೆಂದು ಗಣನೆ. ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಮತ್ತು ಕ್ಯಾರವಾನ್ ತಂಗುದಾಣಗಳಿಗೆಂದೇ ಒಂದು ನೀತಿ ರೂಪಿಸಿದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನು ಪ್ರಕಟಿಸಿತು. ದೆಹಲಿ ಸೀಮೆಯಲ್ಲಿ ಈ ಹವ್ಯಾಸಕ್ಕೆ ಒಂದು ವಿಶೇಷ ಅಡ್ಡಿಯಿದೆ. ಬೇರೆ ಕಡೆಯ ಹವ್ಯಾಸಿಗಳು ಹಳೆಯ ಡೀಸೆಲ್ ವ್ಯಾನು ಕೊಂಡು ಒಳಗೆ ಮಂಚ, ಒಲೆ ಕೂಡಿಸಿಕೊಳ್ಳುತ್ತಾರೆ. ಇಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಆ ಬಿಗಿ ತುಸು ಸಡಿಲವಾದರೂ ಹಳೆಯ ವ್ಯಾನಿಗೆ ಹಣ ಸುರಿಯಲು ಜನ ಹಿಂದೆಮುಂದೆ ನೋಡುವುದು ಸಹಜ. ಗಾಡಿ ಇದ್ದವರು ವಾರಾಂತ್ಯಕ್ಕೆ ಸೋಹ್ನಾ ಬಳಿಯ ದಮ್‌ದಮಾ ಕೆರೆಯ ಕಡೆ ಹೊರಡುತ್ತಾರೆ. 2023ರ ಫೆಬ್ರವರಿಯಲ್ಲಿ ಸೋಹ್ನಾದಿಂದ ದೌಸಾವರೆಗಿನ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲೆ ರಾಜಸ್ಥಾನವೂ ಹತ್ತಿರವಾಗಿದೆ. ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ, ಅದಕ್ಕೆ ಗೊತ್ತಾದ ತಂಗುದಾಣಕ್ಕೇ ಹೋಗಬೇಕು.

ಗಾಡಿಯೊಳಗೇ ಒಲೆಯಿದ್ದರೂ ಅನುಭವಸ್ಥರು ಹೊರಗೆ ಬೇಯಿಸುವುದಕ್ಕೆ ಮುಖ್ಯ ಕಾರಣ ಎಣ್ಣೆಯ ಆವಿ. ಕಾದ ಎಣ್ಣೆಗೆ ಬಿದ್ದ ನೀರಹನಿ ತಳಕ್ಕೆ ಮುಳುಗಿ, ಕ್ಷಣದಲ್ಲಿ ಆವಿಯಾಗಿ ಸಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳನ್ನು ಮೇಲಕ್ಕೆಸೆಯುತ್ತದೆ. ತೊಳೆದ ಮೆಣಸಿನಕಾಯಿಯನ್ನು ಒರೆಸದೆ ಬಾಣಲೆಗೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಇದರ ಮೇಲೆ, ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿಯೇ ಒಗ್ಗರಣೆ ಹಾಕುವುದು ಉತ್ತರದ ಪದ್ಧತಿ. ಹಾಗೆ ಕಾಯಿಸದಿದ್ದರೆ ಘಾಟು ಹೋಗುವುದಿಲ್ಲ. ಆ ಹೊಗೆ ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿನ ಸುತ್ತ ಏಳುತ್ತದೆ. ಒಳಗೆ ಬೇಯಿಸಿದರೆ ಅದು ಪರದೆ, ಹಾಸಿಗೆ, ಮಾಡಿನ ಒಳಮೈಗೆ ಅಂಟಿನ ಪದರವಾಗಿ ಕೂರುತ್ತದೆ, ಅದರ ಮೇಲೆ ದೆಹಲಿಯ ದೂಳು. ಎರಡೂ ಕೂಡಿ ಹಿಡಿದ ಕಿಲುಬನ್ನು ಬಿಡಿಸುವುದು ಸುಲಭದ ಮಾತಲ್ಲ. ಹೊರಗಿಟ್ಟ ಒಲೆಯೂ ಗಾಡಿಗೆ ಕಟ್ಟಿದ ಬಟ್ಟೆಯ ಚಾವಣಿಯ ಅಡಿಯಲ್ಲಿರಬಾರದು. ಗಾಳಿ ಬೀಸುವ ದಿಕ್ಕಿನಲ್ಲಿ ಗಾಡಿಯಿಂದ ಆಚೆಗಿರಬೇಕು. ಮೇ, ಜೂನ್ ತಿಂಗಳುಗಳಲ್ಲಿ ಪಶ್ಚಿಮದಿಂದ ಬೀಸುವ ‘ಲೂ’ ಬಿಸಿಗಾಳಿಗೆ ಉರಿ ಅತ್ತಿತ್ತ ಓಲಾಡುವುದರಿಂದ ತಗಡಿನ ಮರೆ ಬೇಕು. ಆ ಮರೆ ಎಣ್ಣೆ ಸಿಡಿತವನ್ನೂ ತಡೆಯುತ್ತದೆ. ಮರೆ ಸಿಲಿಂಡರನ್ನು ಮಾತ್ರ ಸುತ್ತುವರಿಯಕೂಡದು, ಅದು ಕಾದರೆ ಅಪಾಯ.

ಋತು ಬದಲಾದಂತೆ ಜಿಡ್ಡಿನ ಗುಣವೂ ಬದಲಾಗುತ್ತದೆ. ಜನವರಿಯ ರಾತ್ರಿ ದೆಹಲಿಯಲ್ಲಿ ಉಷ್ಣತೆ 4 ಡಿಗ್ರಿಗಿಂತ ಕೆಳಗಿಳಿಯುವುದುಂಟು. ತುಪ್ಪ, ವನಸ್ಪತಿ ಆಗ ಕಲ್ಲಿನಂತೆ ಗಟ್ಟಿ. ಊರಿನಿಂದ ತಂದ ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಬಾಟಲಿಯ ಬಾಯಿಂದ ಇಳಿಯುವುದೇ ಇಲ್ಲ. ಸಾಸಿವೆ ಎಣ್ಣೆ ಮಾತ್ರ ಹನಿಯುತ್ತಲೇ ಇರುತ್ತದೆ. ಹೆಪ್ಪುಗಟ್ಟುವುದು ಒಂದು ಲೆಕ್ಕಕ್ಕೆ ಅನುಕೂಲ: ಚಳಿಯ ರಾತ್ರಿ ಬಾಣಲೆಯನ್ನು ಹೊರಗಿಟ್ಟರೆ ಬೆಳಗ್ಗೆ ತುಪ್ಪದ ಪಸೆಯನ್ನು ಮೊಗಚೆ ಕೈಯಿಂದ ಕೆರೆದು ಕಾಗದದಲ್ಲಿ ಸುತ್ತಿ ಎಸೆಯಬಹುದು. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿಯಾದಾಗ ಅದೇ ಜಿಡ್ಡು ಹರಿದಾಡಿ ಎಲ್ಲೆಡೆ ಅಂಟುತ್ತದೆ, ಬೇಗ ಕಮಟುತ್ತದೆ.

ಒರೆಸುವುದಕ್ಕೆ ಹಳೆಯ ವೃತ್ತಪತ್ರಿಕೆ ಎಲ್ಲರಿಗೂ ಸಿಗುವ ಸಾಧನ. ಗೋಧಿಯ ತೌಡು ಅದಕ್ಕಿಂತ ಮೇಲು. ಉತ್ತರದ ಯಾವ ಹಿಟ್ಟಿನ ಗಿರಣಿಯಲ್ಲೂ ಸಿಗುತ್ತದೆ. ಒಂದು ಹಿಡಿ ಹಾಕಿ ಬಾಣಲೆಯನ್ನು ತಿರುಗಿಸಿದರೆ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೌದೆಯ ಬೂದಿಯೂ ಹೀಗೆಯೇ ಹೀರುತ್ತದೆ, ಜೊತೆಗೆ ಅದರಲ್ಲಿರುವ ಕ್ಷಾರ ಬಿಸಿನೀರಿನಲ್ಲಿ ಎಣ್ಣೆಯೊಡನೆ ಬೆರೆತು ಒಂದಿಷ್ಟು ಸೋಪನ್ನೇ ಮಾಡಿಬಿಡುತ್ತದೆ. ನಮ್ಮಲ್ಲಿ ತೆಂಗಿನ ನಾರಿಗೆ ಬೂದಿ ಹಚ್ಚಿ ಪಾತ್ರೆ ಬೆಳಗುತ್ತಿದ್ದುದರ ಒಳಗುಟ್ಟು ಇದೇ. ಸೀಗೆಪುಡಿ, ಅಂಟವಾಳದ ಕಾಯಿ ಗಡಸು ನೀರಿನಲ್ಲೂ ಕೆಲಸ ಮಾಡುತ್ತವೆ. ಗುರುಗ್ರಾಮದ ಸುತ್ತಮುತ್ತಲ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸೋಪು ನೊರೆಯಾಗುವ ಬದಲು ಒಡೆದ ಹಾಲಿನಂತೆ ಚೂರುಚೂರಾಗಿ ತೇಲುತ್ತದೆ. ಹೀಗಾಗಿ ಜನ ಡಿಟರ್ಜೆಂಟಿನ ಪ್ರಮಾಣ ಏರಿಸುತ್ತಾರೆ. ದೆಹಲಿಯ ಕಾಲಿಂದಿ ಕುಂಜದ ಬಳಿ ಯಮುನೆಯ ಮೇಲೆ ಬೆಟ್ಟದಂತೆ ಏಳುವ ನೊರೆಗೆ ಡಿಟರ್ಜೆಂಟು ಮತ್ತು ಅದರ ರಂಜಕದ ಕೊಡುಗೆ ದೊಡ್ಡದು. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿ.ಮೀ. ನದಿಯ ಉದ್ದದ ಶೇ. 2ಕ್ಕೂ ಕಡಿಮೆ. ಹೊಲಸಿನ ಬಹುಪಾಲು ಸೇರುವುದು ಅಷ್ಟರಲ್ಲೇ.

ಮುಸುರೆ ನೀರಿನ ಟ್ಯಾಂಕು ಕ್ಯಾರವಾನಿನ ಮರ್ಮಸ್ಥಾನ. ಬಿಸಿನೀರಿನ ಜೊತೆ ಕರಗಿ ಇಳಿದ ಜಿಡ್ಡು ಒಳಗೆ ತಣ್ಣಗಾಗಿ ಕೊಳವೆಯ ಗೋಡೆಗೆ, ಟ್ಯಾಂಕಿನ ಮಟ್ಟ ತೋರಿಸುವ ಸೂಚಕಕ್ಕೆ ಅಂಟುತ್ತದೆ. ಟ್ಯಾಂಕು ಖಾಲಿಯಾದರೂ ಮುಳ್ಳು ತುಂಬಿದೆಯೆಂದೇ ತೋರಿಸುತ್ತದೆ. ಅನ್ನದಗುಳು, ಬೇಳೆ ಸೇರಿ ಮೇ ತಿಂಗಳ ಬಿಸಿಲಿಗೆ ಎರಡೇ ದಿನದಲ್ಲಿ ಗಬ್ಬೆದ್ದುಹೋಗುತ್ತದೆ. ಇದೇ ಸಂಗತಿ ನಗರದ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆಂಬುದನ್ನು 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಒಳಚರಂಡಿ ತೋರಿಸಿತು. ಅಲ್ಲಿ ಸಿಕ್ಕ ಜಿಡ್ಡಿನ ಗಟ್ಟಿ 250 ಮೀಟರ್ ಉದ್ದ, 130 ಟನ್ ತೂಕ. ಅದರ ಒಂದು ತುಂಡು ವಸ್ತುಸಂಗ್ರಹಾಲಯವನ್ನೂ ಸೇರಿತು. ದೆಹಲಿ ಸೀಮೆಯಲ್ಲೇ, ಸೋನಿಪತ್ ಜಿಲ್ಲೆಯ ಮುರ್ಥಲ್‌ನ ಹೆಸರಾಂತ ಪರಾಠ ಢಾಬಾಗಳ ಕೊಳೆನೀರಿನ ದೂರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ಯುರೋಪಿನ ತಂಗುದಾಣಗಳಲ್ಲಿರುವಂತೆ ಮುಸುರೆ ನೀರು ಸುರಿಯಲು ಗೊತ್ತಾದ ಜಾಗ ಇಲ್ಲಿ ರೂಢಿಗೆ ಬಂದಿಲ್ಲ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಪಾತ್ರೆಗಳನ್ನು ಒರೆಸಿಯೇ ಹೊರಗೆ ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನು ತಂಗಿದ ಕಡೆಯ ಶೌಚಾಲಯಕ್ಕೆ ಸುರಿಯುವುದು ಸದ್ಯಕ್ಕಿರುವ ಮರ್ಯಾದೆಯ ದಾರಿ.

ಉರುವಲಿನ ಆಯ್ಕೆ ಈ ಸೀಮೆಯಲ್ಲಿ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ವಾಯು ಗುಣಮಟ್ಟದ ಸೂಚ್ಯಂಕ 200 ದಾಟಿದೊಡನೆ ಹಂತಹಂತದ ಕ್ರಿಯಾ ಯೋಜನೆ ಜಾರಿಗೆ ಬರುತ್ತದೆ. ಆರಂಭದ ಹಂತಗಳಲ್ಲೇ ಹೋಟೆಲು ಮತ್ತು ಬಯಲು ತಿನಿಸು ಕಟ್ಟೆಗಳ ತಂದೂರಿಗೆ ಕಲ್ಲಿದ್ದಲು, ಸೌದೆ ನಿಷಿದ್ಧ. ಕಸವನ್ನು ಬಯಲಿನಲ್ಲಿ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. ಎಣ್ಣೆ ಒರೆಸಿದ ಕಾಗದವನ್ನು ಒಲೆಗೆ ಹಾಕಿ ಕೈತೊಳೆದುಕೊಳ್ಳುವ ಜಾಣತನ ಹಾಗಾಗಿ ದುಬಾರಿಯಾದೀತು. ಚಳಿಗಾಲದಲ್ಲಿ ಇದ್ದಿಲ ಮೇಲೆ ಕಬಾಬ್ ಸುಡುವ ಆಸೆಯನ್ನೂ ಬಿಡುವುದು ಲೇಸು. ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆಯೇ ಅದರ ರುಚಿ. ಆ ಹೊಗೆಯಲ್ಲಿರುವುದೂ ಸುಟ್ಟ ಜಿಡ್ಡೇ.

ಉಳಿಯುವುದು ಗ್ಯಾಸ್, ಕರೆಂಟು ಸಿಕ್ಕಲ್ಲಿ ಇಂಡಕ್ಷನ್. 14.2 ಕೆ.ಜಿ.ಯ ಮನೆಬಳಕೆಯ ಸಿಲಿಂಡರಿಗಿಂತ 5 ಕೆ.ಜಿ.ಯದು ಗಾಡಿಗೆ ಹೊಂದುತ್ತದೆ. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿಗೆ ತಳದಲ್ಲೇ ಕಿಂಡಿ ಇರಬೇಕು. 2023ರ ಆಗಸ್ಟ್ 26ರಂದು ತಮಿಳುನಾಡಿನ ಮದುರೈ ರೈಲು ಅಂಗಳದಲ್ಲಿ ನಿಂತಿದ್ದ, ಲಖ್ನೋದಿಂದ ಹೊರಟ ಯಾತ್ರಿಕರ ಖಾಸಗಿ ಬೋಗಿ ಹೊತ್ತಿ ಉರಿದು ಒಂಬತ್ತು ಮಂದಿ ಸತ್ತರು. ನಿಯಮ ಮೀರಿ ಒಳಗೆ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹುಟ್ಟಿತ್ತು. ಇನ್ನು, ಬಾಣಲೆಯ ಎಣ್ಣೆಗೇ ಬೆಂಕಿ ಹತ್ತಿದರೆ ಅದಕ್ಕೆ ನೀರು ಎರಚಲೇಬಾರದು. ನೀರಹನಿ ಸಿಡಿಯುವ ಅದೇ ಕ್ರಿಯೆ ಆಗ ಉರಿಯುವ ಎಣ್ಣೆಯನ್ನು ಆಳೆತ್ತರಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಮುಚ್ಚಳ ಜಾರಿಸಿ, ಬಾಣಲೆ ತಣ್ಣಗಾಗುವವರೆಗೆ ತೆಗೆಯದಿರುವುದು ಸರಿಯಾದ ಕ್ರಮ. ಬಾಣಲೆಗೆ ಒಪ್ಪುವ ಮುಚ್ಚಳವಿಲ್ಲದೆ ದಾರಿಯಲ್ಲಿ ಕರಿಯಲು ಕೂರಬಾರದು.

ಅರಾವಳಿಯ ಅಂಚಿನಲ್ಲಿ ತಂಗುವವರಿಗೆ ಕೋತಿಗಳ ಕಾಟ ಬೇರೆ. 2007ರಲ್ಲಿ ದೆಹಲಿ ಹೈಕೋರ್ಟಿನ ಆದೇಶದ ಮೇರೆಗೆ ನಗರದ ಕೋತಿಗಳನ್ನು ಹಿಡಿದು ಇದೇ ಅಂಚಿನ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಲು ಆರಂಭಿಸಿದರು. ಜಿಡ್ಡಿನ ವಾಸನೆಗೆ ಕೋತಿ, ಬೀದಿನಾಯಿ ಎರಡೂ ಬರುತ್ತವೆ. ಪೊದೆಯ ಹಿಂದೆ ಸುರಿದ ಎಣ್ಣೆ, ರಾತ್ರಿ ಹೊರಗೇ ಬಿಟ್ಟ ಬಾಣಲೆ ಅವುಗಳಿಗೆ ಕರೆಯೋಲೆ. ಚಳಿಯಲ್ಲಿ ಪಸೆ ಹೆಪ್ಪುಗಟ್ಟಲೆಂದು ಬಾಣಲೆ ಹೊರಗಿಡುವವರು ಮುಚ್ಚಳದ ಮೇಲೆ ಕಲ್ಲು ಹೇರಿಯೇ ಮಲಗಬೇಕು.

ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ ಮಿತಿಯುಂಟು. ಕಾಯಿಸಿದಷ್ಟೂ ಅದರಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗಾಡಿಯಲ್ಲಿ ಅಳೆಯುವ ಉಪಕರಣವಿರುವುದಿಲ್ಲ. ಬಣ್ಣ ಕಪ್ಪಾಗಿ, ನೊರೆ ಕಟ್ಟಿ, ಮಂದವಾದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡಿಸುವ ‘ರುಕೋ’ ಯೋಜನೆಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಅದೇ ವರ್ಷದ ಆಗಸ್ಟಿನಲ್ಲಿ ಆರಂಭಿಸಿತು. 2025ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಪಾಣಿಪತ್ ಶುದ್ಧೀಕರಣ ಘಟಕಕ್ಕೆ ಇಂಥ ಎಣ್ಣೆಯಿಂದ ವಿಮಾನದ ಇಂಧನ ತಯಾರಿಸಲು ಅಂತಾರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು. ಪಾಣಿಪತ್ ಈ ವಲಯದೊಳಗಿನ ಜಿಲ್ಲೆಯೇ. ಆದರೆ ಈ ವ್ಯವಸ್ಥೆ ದೊಡ್ಡ ಅಡುಗೆಮನೆಗಳನ್ನು ನೆಚ್ಚಿಕೊಂಡದ್ದು. ಲೆಕ್ಕ ಬರೆದಿಡುವ ಕಟ್ಟಳೆ ಇರುವುದು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಉದ್ದಿಮೆಗಳಿಗೆ. ಗಾಡಿಯವರ ಬಳಿ ಉಳಿಯುವ ಕಾಲು ಲೀಟರನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಅದನ್ನು ತಣಿಸಿ, ಬಟ್ಟೆಯಲ್ಲಿ ಸೋಸಿ, ಬಿಗಿ ಮುಚ್ಚಳದ ಬಾಟಲಿಗೆ ತುಂಬಿ, ಬಳಸಿದ ಎಣ್ಣೆ ಎಂದು ಮೇಲೆ ಬರೆದಿಟ್ಟುಕೊಂಡು, ದಾರಿಯಲ್ಲಿ ಸಂಗ್ರಹಕಾರರಿಗೆ ಎಣ್ಣೆ ಕೊಡುವ ಹೋಟೆಲು ಸಿಕ್ಕರೆ ಅವರ ಡಬ್ಬಕ್ಕೆ ಸೇರಿಸಬಹುದು. ಸಿಗದಿದ್ದರೆ ತೌಡಿಗೋ ಮರದ ಹೊಟ್ಟಿಗೋ ಹೀರಿಸಿ ಕಟ್ಟಿ ಕಸದ ಗಾಡಿಗೆ ಕೊಡುವುದು ಉಳಿದ ದಾರಿ.